ಕೊನೆಯ ಸಾಲನ್ನೂ ಓದುವವಳು

ಅಂಗಡಿಯ ಬಾಗಿಲು ತೆರೆಯುವ ಮೊದಲು ಕನ್ನಡಿಗಳನ್ನು ಒರೆಸುವುದು ನನ್ನ ಕೆಲಸ. ಗಿರಾಕಿಗಳು ಕನ್ನಡಕ ಹಾಕಿಕೊಂಡು ಮುಖ ನೋಡಿಕೊಳ್ಳುವ ಐದು ಕನ್ನಡಿಗಳಿವೆ. ಹಿಂದಿನ ದಿನದ ಬೆರಳ ಗುರುತೆಲ್ಲ ಅವುಗಳ ಮೇಲೆ ಉಳಿದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ. ಅವತ್ತು ಮೂರನೆಯ ಕನ್ನಡಿಗೆ ಬಂದಿದ್ದೆ, ಮೆಟ್ಟಿಲ ಕಡೆಯಿಂದ ದಡಬಡ ಸದ್ದು, ಅದರ ಬೆನ್ನಿಗೇ ಗಾಜು ಚೆಲ್ಲಾಡಿದ ಸದ್ದು ಕೇಳಿಸಿತು.

ನಮ್ಮ ಮನೆ ಅಂಗಡಿಯ ಮೇಲೆಯೇ ಇದೆ. ಒಳಗಿನಿಂದಲೇ ಒಂದು ಇಕ್ಕಟ್ಟಾದ ಮೆಟ್ಟಿಲು ಕೆಳಗಿಳಿಯುತ್ತದೆ. ಮೆಟ್ಟಿಲು ಮುಗಿಯುವ ಕಡೆ, ಗೋಡೆಗೆ ಒತ್ತಿಕೊಂಡಿರುವ ಸ್ಟೂಲಿನ ಮೇಲೆ, ನಮ್ಮವರು ಅಂಚು ಉಜ್ಜಿ ಮುಗಿಸಿದ ಗಾಜುಗಳನ್ನು ತಟ್ಟೆಯಲ್ಲಿ ಜೋಡಿಸಿಡುತ್ತಾರೆ. ಎಡಗಣ್ಣಿನದು ಎಡಕ್ಕೆ, ಬಲಗಣ್ಣಿನದು ಬಲಕ್ಕೆ, ಪ್ರತಿ ಜೊತೆಗೂ ಒಂದು ಚೀಟಿ. ಆ ತಟ್ಟೆ ಈಗ ಬೋರಲು ಬಿದ್ದಿತ್ತು. ಗಾಜುಗಳ ನಡುವೆ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡೇ ಕೂತಿದ್ದಳು ನಮ್ಮ ಮಗಳು. ಒಂಬತ್ತು ವರ್ಷದವಳು. ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಅದನ್ನು ಅವಳು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

"ಕಣ್ಣು ಎಲ್ಲಿಟ್ಕೊಂಡು ನಡೀತೀಯೇ? ಇಷ್ಟು ದೊಡ್ಡ ಸ್ಟೂಲು ಕಾಣ್ಲಿಲ್ವಾ?" ಎಂದೆ.

"ಕಾಣ್ಲಿಲ್ಲಮ್ಮ."

"ಕಾಣ್ಲಿಲ್ವಂತೆ! ದಿನಾ ಅಲ್ಲೇ ಇರುತ್ತಲ್ಲ ಅದು."

ಮೇಲಿನಿಂದ ಅತ್ತೆ ಕೂಗಿದರು: "ಏನೇ ಅದು? ಬಿರುಗಾಳಿ ಬಂತಾ?"

ಬಿರುಗಾಳಿ ಎಂಬುದು ಅವಳಿಗೆ ಅಪ್ಪ ಇಟ್ಟ ಹೆಸರು. ನಡೆಯಲು ಕಲಿತಾಗಿನಿಂದ ಅವಳು ಹೋದ ದಾರಿಯಲ್ಲಿ ಏನಾದರೊಂದು ಉರುಳುತ್ತಿತ್ತು: ನೀರಿನ ಚೊಂಬು, ಕುರ್ಚಿ, ಅಜ್ಜಿಯ ಔಷಧಿ ಬಾಟಲಿ, ಒಂದು ಸಲ ಅಜ್ಜಿಯೇ. ಅವಳು ಕೋಣೆಗೆ ಬಂದರೆ ನಮ್ಮವರು ಮೇಜಿನ ಮೇಲಿದ್ದುದನ್ನೆಲ್ಲ ಎರಡೂ ಕೈಯಲ್ಲಿ ತಬ್ಬಿ ಹಿಡಿದು, "ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ, ಬಿರುಗಾಳಿ ಬಂತು" ಎನ್ನುತ್ತಿದ್ದರು. ಅವಳೂ ಕೆನ್ನೆ ಉಬ್ಬಿಸಿ ಉಫ್ ಎಂದು ಊದಿ ನಗುತ್ತಿದ್ದಳು.

ನಮ್ಮವರು ಬಂದು ಗಾಜುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ನಾಲ್ಕಕ್ಕೆ ಗೀರು ಬಿದ್ದಿತ್ತು. ಅವರು ಬೈಯುವವರಲ್ಲ. ಯಾವಾಗಲೂ ಮಾಡುವುದನ್ನೇ ಮಾಡಿದರು. ಅಂಗಡಿಯ ಆ ತುದಿಯ ಗೋಡೆಯಲ್ಲಿ, ಹಿಂದಿನಿಂದ ದೀಪ ಉರಿಯುವ ಅಕ್ಷರದ ಹಲಗೆ ಇದೆ. ಮೇಲೆ ಒಂದೇ ದಪ್ಪ ಅಕ್ಷರ, ಕೆಳಗಿಳಿದಂತೆ ಸಣ್ಣದಾಗುತ್ತ ಹೋಗುವ ಸಾಲುಗಳು. ಈ ತುದಿಯಲ್ಲಿ ನೆಲಕ್ಕೆ ಬಳಿದ ಒಂದು ಕೆಂಪು ಗೆರೆ. ಮಗಳನ್ನು ಆ ಗೆರೆಯ ಮೇಲೆ ನಿಲ್ಲಿಸಿ, "ಒಂದು ಕಣ್ಣು ಮುಚ್ಕೋ. ಓದು" ಎಂದರು.

ಅವಳು ಮೂಗೊರೆಸಿಕೊಂಡು ಓದಿದಳು. ಎಲ್ಲ ಸಾಲುಗಳನ್ನೂ, ನನಗೆ ಕನ್ನಡಕವಿದ್ದರೂ ಕಾಣದ ಕೊನೆಯ ಸಾಲನ್ನೂ, ಅದರ ಕೆಳಗೆ ಹಲಗೆಯ ಮೂಲೆಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದಳು. ಇನ್ನೊಂದು ಕಣ್ಣಿನಲ್ಲೂ ಹಾಗೆಯೇ.

"ಕಣ್ಣು ಹದ್ದಿನ ಕಣ್ಣು. ಗಮನ ಇಲ್ಲ ಅಷ್ಟೆ," ಎಂದು ನಮ್ಮವರು ದೀಪ ಆರಿಸಿದರು.

ನಮ್ಮ ಮನೆಯ ಪದ್ಧತಿ ಅದು. ಬಿದ್ದಾಗಲೆಲ್ಲ ಅವಳು ಆ ಕೆಂಪು ಗೆರೆಯ ಮೇಲೆ ನಿಲ್ಲಬೇಕು. ಬೇರೆ ಮನೆಯವರಾಗಿದ್ದರೆ, ಮಗು ಇಷ್ಟು ಬೀಳುತ್ತದಲ್ಲ ಎಂದು ಎಂದೋ ಯಾರಿಗಾದರೂ ತೋರಿಸುತ್ತಿದ್ದರೇನೋ. ನಾವು ಕಣ್ಣಿನ ಕೆಲಸದವರು. ಇಪ್ಪತ್ತು ವರ್ಷದಿಂದ ಊರಿನವರ ಕಣ್ಣಿನ ಹೆಚ್ಚುಕಡಿಮೆ ತಿದ್ದಿದವರು. ನಮಗೆ ಹಲಗೆಯ ಮೇಲೆ ಭರವಸೆ. ಅವಳು ಪ್ರತಿ ಸಲವೂ ಸರಿಯಾಗಿ ಓದಿದಳು, ಪ್ರತಿ ಸಲವೂ ತಪ್ಪು ತನ್ನದೇ ಎಂದು ತಾನೇ ಓದಿ ಸಾಬೀತು ಮಾಡಿಕೊಂಡಳು.

ಗೊತ್ತಾದದ್ದು ಅದೇ ವಾರ, ಭಾನುವಾರ. ಫ್ರೇಮಿನ ಕಾಲುಗಳಿಗೆ ಸ್ಕ್ರೂ ಹಾಕುವುದು ನನ್ನ ಇನ್ನೊಂದು ಕೆಲಸ. ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ನನಗೆ ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಬೇಕು, ಮಗಳಿಗೆ ಬೇಡ. ಅವಳು ಬರಿಗಣ್ಣಿನಲ್ಲೇ ಚಿಮಟಿಗೆಯಿಂದ ಎತ್ತಿ ಕೊಡುತ್ತಾಳೆ. ಮಾಡುವಾಗ ನಾಲಿಗೆಯ ತುದಿ ಹೊರಗಿಟ್ಟುಕೊಳ್ಳುತ್ತಾಳೆ. ಅವತ್ತು ಒಂದು ಸ್ಕ್ರೂ ಜಾರಿ ಮೇಜಿನ ಮೇಲೆ ಬಿತ್ತು. ಅವಳ ಅಂಗೈಯಿಂದ ಒಂದು ಗೇಣು ದೂರದಲ್ಲಿ ಹೊಳೆಯುತ್ತ ಕೂತಿತ್ತು.

ಅವಳು ಹುಡುಕಿದಳು. ತಲೆಯನ್ನು ಕೋಳಿಯ ಹಾಗೆ ಅತ್ತ ಇತ್ತ ಆಡಿಸುತ್ತ, ಮೇಜನ್ನು ಕೈಯಿಂದ ಸವರುತ್ತ. ಮೊದಲು ಆಟವೆಂದುಕೊಂಡೆ.

"ಅಲ್ಲೇ ಇದೆಯಲ್ಲೇ."

"ಎಲ್ಲಿ?"

"ಮುಂದೆ ನೋಡು, ಆ ಕ್ಯಾಲೆಂಡರ್ ನೋಡ್ತಾ ಇರು. ತಲೆ ಆಡಿಸ್ಬೇಡ" ಎಂದು, ಒಂದು ಕೆಂಪು ಫ್ರೇಮನ್ನು ಅವಳ ಕಿವಿಯ ಪಕ್ಕ ಹಿಡಿದೆ. "ಇದು ಯಾವಾಗ ಕಾಣುತ್ತೋ ಆಗ ಹೇಳು."

ಫ್ರೇಮನ್ನು ನಿಧಾನವಾಗಿ ಮುಂದೆ ತಂದೆ. ಕೆನ್ನೆಯ ನೇರಕ್ಕೆ. ಕಣ್ಣಿನ ಕೊನೆಯ ನೇರಕ್ಕೆ. ಅದನ್ನೂ ದಾಟಿ ಮುಂದೆ. ಅವಳು ಕ್ಯಾಲೆಂಡರ್ ನೋಡುತ್ತ, "ಶುರು ಮಾಡಮ್ಮ" ಎಂದಳು. ಫ್ರೇಮು ಹೆಚ್ಚುಕಡಿಮೆ ಅವಳ ಮೂಗಿನ ಎದುರಿಗೆ ಬಂದಾಗ, "ಹಾಂ, ಬಂತು. ಕೆಂಪು ಫ್ರೇಮು" ಎಂದು ನಕ್ಕಳು.

ನಮ್ಮ ಅಂಗಡಿಗೆ ಚೀಟಿ ಬರೆದು ಕಳಿಸುವ ಕಣ್ಣಿನ ಡಾಕ್ಟರಮ್ಮನ ಬಳಿಗೆ ಮರುದಿನವೇ ಹೋದೆವು. ಅವರು ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ಬೇರೊಂದು ಕೋಣೆಗೆ ಕಳಿಸಿದರು. ಅಲ್ಲಿ ಅರ್ಧ ಕಲ್ಲಂಗಡಿಯನ್ನು ಟೊಳ್ಳು ಮಾಡಿ ನಿಲ್ಲಿಸಿದಂತಹ ದೊಡ್ಡ ಬಿಳಿ ಬೋಗುಣಿಯ ಯಂತ್ರ. ಮಗಳು ಅದರೊಳಗೆ ಮುಖವಿಟ್ಟು, ಗದ್ದವನ್ನು ಪಟ್ಟಿಯ ಮೇಲೆ ಊರಿ ಕೂತಳು. ಒಂದು ಕಣ್ಣಿಗೆ ಮುಚ್ಚಳ ಹಾಕಿದರು. ಕೈಯಲ್ಲೊಂದು ಗುಂಡಿ ಕೊಟ್ಟರು.

"ನಡುವಿನ ಹಳದಿ ಚುಕ್ಕೆನೇ ನೋಡ್ತಾ ಇರಬೇಕು ಮರಿ," ಎಂದಳು ಯಂತ್ರ ನೋಡಿಕೊಳ್ಳುವ ಹುಡುಗಿ. "ಸುತ್ತ ಎಲ್ಲಾದ್ರೂ ಬೆಳಕು ಮಿನುಗಿದ್ರೆ ಟಕ್ ಅಂತ ಒತ್ತು. ಕಣ್ಣು ಅಲ್ಲಾಡಿಸ್ಬಾರದು."

ನನ್ನನ್ನು ಮಗಳ ಹಿಂದೆ ಪಕ್ಕದಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿಂದ ನನಗೆ ಬೋಗುಣಿಯ ಒಂದು ಭಾಗ ಕಾಣುತ್ತಿತ್ತು. ಮೇಲೆ ಒಂದು ಬೆಳಕು ಮಿನುಗಿತು. ಸದ್ದಿಲ್ಲ. ಬಲಕ್ಕೆ ಮಿನುಗಿತು. ಸದ್ದಿಲ್ಲ. ಕೆಳಗೆ. ಮತ್ತೆ ಮೇಲೆ. ನಡುವಿನ ಹತ್ತಿರ ಒಂದು ಬಂದಾಗ, ಟಕ್. ಮತ್ತೆ ದೂರಕ್ಕೆ ಹೋಯಿತು. ಒತ್ತು ಮರಿ, ಒತ್ತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಹೆಬ್ಬೆರಳು ಮಡಿಲಿನಲ್ಲಿ ತಾನಾಗಿಯೇ ಒತ್ತುತ್ತಿತ್ತು. ಬೆಳಕುಗಳು ಒಂದರ ಮೇಲೊಂದು ಬಂದು, ಒಂದು ಟಕ್ ಸದ್ದೂ ಇಲ್ಲದೆ ಆರಿಹೋದವು. ಅಷ್ಟು ಹೊತ್ತೂ ಅವಳು ಅಲುಗಾಡಲಿಲ್ಲ. ಅಷ್ಟು ಗಮನವಿಟ್ಟು ಕೂತ ಮಗುವನ್ನು ನಾನು ನೋಡಿಲ್ಲ.

ಎರಡೂ ಕಣ್ಣು ಮುಗಿಸಿ ಹೊರಬಂದವಳೇ ನನ್ನ ಕೈ ಹಿಡಿದು, "ಅಮ್ಮ, ನಾನು ಒಂದೂ ಬಿಡ್ಲಿಲ್ಲ. ಎಲ್ಲಾನೂ ಒತ್ತಿದೆ" ಎಂದಳು.

"ಜಾಣೆ," ಎಂದೆ.

ಡಾಕ್ಟರಮ್ಮ ಅವಳಿಗೆ ಬಣ್ಣದ ಪೆನ್ಸಿಲು ಕೊಟ್ಟು ಹೊರಗೆ ಕೂರಿಸಿ, ನಮ್ಮಿಬ್ಬರನ್ನು ಒಳಗೆ ಕರೆದರು.

"ನಿಮಗೆ ಮುಂದಿನ ಭಾಗ ಗೊತ್ತು," ಎಂದು ನಮ್ಮವರಿಗೆ ಹೇಳಿದರು. "ಬೆಳಕು ಬರುತ್ತೆ, ಕಣ್ಣಿನ ಮಸೂರ ಅದನ್ನ ಬಾಗಿಸಿ ಹಿಂದಿನ ಪರದೆ ಮೇಲೆ ಬೀಳಿಸುತ್ತೆ. ಬಾಗೋದು ಹೆಚ್ಚಾದ್ರೆ, ಕಡಿಮೆಯಾದ್ರೆ ನೀವು ಗಾಜು ಹಾಕಿ ಸರಿ ಮಾಡ್ತೀರಿ. ನಿಮ್ಮ ತಾಯಿಗೆ ಮಸೂರ ಮಬ್ಬಾಗಿತ್ತು, ನಾನು ತೆಗೆದು ಹೊಸದು ಹಾಕಿದೆ. ಆದರೆ ಇವಳಿಗೆ ತೊಂದರೆ ಆ ಪರದೆಯದು. ಅಕ್ಷಿಪಟಲದ್ದು."

ಒಂದು ಕಾಗದದ ಮೇಲೆ ಚಿತ್ರ ಬರೆದರು. ಆ ಪರದೆಯ ತುಂಬ ಬೆಳಕನ್ನು ಹಿಡಿಯುವ ಕೋಟಿಗಟ್ಟಲೆ ಸಣ್ಣ ಕಣಗಳಿರುತ್ತವಂತೆ. ನಡುವೆ ಒತ್ತಾಗಿರುವವು ಅಕ್ಷರ, ಬಣ್ಣ, ಮುಖ ಇವುಗಳನ್ನು ಹಿಡಿಯುತ್ತವೆ. ಸುತ್ತ ಹರಡಿಕೊಂಡಿರುವ ಕಡ್ಡಿಯಂತಹವು ಮಬ್ಬು ಬೆಳಕಿನಲ್ಲಿ ಕೆಲಸ ಮಾಡುತ್ತವೆ, ಪಕ್ಕದಲ್ಲಿರುವುದನ್ನು ಹಿಡಿಯುತ್ತವೆ. ಹಿಡಿದದ್ದನ್ನು ಒಂದು ನರ ಮಿದುಳಿಗೆ ಒಯ್ಯುತ್ತದೆ. ನೋಡುವುದು ನಿಜವಾಗಿ ಅಲ್ಲಿ. ಮಗಳಿಗೆ ಸುತ್ತಲಿನವು ಸಾಯುತ್ತಿದ್ದವು, ಹೊರಗಿನಿಂದ ಒಳಕ್ಕೆ. ನಡುವೆ ಮಾತ್ರ ಒಂದು ಬಟ್ಟಲಿನಷ್ಟು ಉಳಿದಿತ್ತು. ಅಕ್ಷರದ ಹಲಗೆ ಕೇಳುವುದು ಆ ಬಟ್ಟಲನ್ನು ಮಾತ್ರ.

"ಹಾಗಾದ್ರೆ ಉಳಿದ ಕಡೆ ಅವಳಿಗೆ ಕತ್ತಲೆ ಕಾಣುತ್ತಾ?" ಎಂದು ಕೇಳಿದೆ.

"ನಿಮ್ಮ ತಲೆ ಹಿಂದೆ ನಿಮಗೆ ಕತ್ತಲೆ ಕಾಣುತ್ತಾ ಅಮ್ಮ?"

ಯೋಚಿಸಿದೆ. ಕತ್ತಲೆಯಲ್ಲ. ಅಲ್ಲಿ ಏನೂ ಇಲ್ಲ. ಇಲ್ಲ ಎಂಬುದೂ ಗೊತ್ತಾಗುವುದಿಲ್ಲ.

"ಹಾಗೆಯೇ ಅವಳಿಗೆ ಪಕ್ಕದಲ್ಲಿ. ಖಾಲಿ ಜಾಗವನ್ನ ಮಿದುಳು ತುಂಬಿಬಿಡುತ್ತೆ. ಎಲ್ಲರಿಗೂ ಇಷ್ಟೇ ಕಾಣೋದು ಅಂದ್ಕೊಂಡಿದ್ದಾಳೆ. ಅದಕ್ಕೇ ನಿಮಗೆ ಹೇಳಲಿಲ್ಲ. ಅವಳಿಗೆ ಹೇಳೋಕೆ ಏನೂ ಇರಲಿಲ್ಲ."

ಇದು ಹುಟ್ಟಿನಿಂದಲೇ ಬಂದದ್ದು, ನಮ್ಮಿಬ್ಬರಲ್ಲೂ ಅಡಗಿದ್ದು ಅವಳಲ್ಲಿ ಒಟ್ಟಾಗಿರಬಹುದು ಎಂದರು. ನಾವು ಮಾಡಿದ್ದು, ಬಿಟ್ಟದ್ದು ಯಾವುದೂ ಕಾರಣವಲ್ಲ ಎಂದೂ ಹೇಳಿದರು. ಔಷಧಿಯ ಬಗ್ಗೆ ನಮ್ಮವರು ಕೇಳಿದಾಗ, "ಕೆಲವು ಬಗೆಗೆ ಚಿಕಿತ್ಸೆ ಹುಡುಕ್ತಿದ್ದಾರೆ. ರಕ್ತ ಪರೀಕ್ಷೆಗೆ ಕಳಿಸೋಣ. ಇವತ್ತಿನ ಮಟ್ಟಿಗೆ, ಹೋದದ್ದನ್ನ ವಾಪಸ್ಸು ತರೋದು ನನ್ನ ಕೈಲಿಲ್ಲ" ಎಂದರು. ಉಳಿದದ್ದು ಎಷ್ಟು ವರ್ಷ ಇರುತ್ತದೆ ಎಂದು ಹೇಳಲು ಬರುವುದಿಲ್ಲವಂತೆ. ಕೆಲವರಿಗೆ ನಡುವಿನ ಬಟ್ಟಲು ನಲವತ್ತು ಐವತ್ತರವರೆಗೂ ಉಳಿಯುತ್ತದೆ, ಕೆಲವರಿಗೆ ಬೇಗ ಹೋಗುತ್ತದೆ.

ಎದ್ದು ಹೊರಡುವಾಗ ಅವರು ನನ್ನನ್ನು ತಡೆದು ನಿಲ್ಲಿಸಿ ಒಂದು ಮಾತು ಹೇಳಿದರು. "ಎಲ್ಲಾ ಒಂದೇ ಸಲ ಅವಳ ತಲೆ ಮೇಲೆ ಹೊರಿಸ್ಬೇಡಿ. ಕೇಳಿದಷ್ಟಕ್ಕೆ ಉತ್ತರ ಕೊಡಿ. ಆದರೆ ಒಂದು ದಿನ ಕೇಳೇ ಕೇಳ್ತಾಳೆ, ಅವತ್ತು ಸುಳ್ಳು ಹೇಳ್ಬೇಡಿ. ಸುಳ್ಳು ಹೇಳಿದ್ರೆ ಆಮೇಲೆ ನಿಮ್ಮ ಕೈ ಹಿಡ್ಕೊಂಡು ನಡೆಯೋಕೆ ಅವಳಿಗೆ ಧೈರ್ಯ ಇರಲ್ಲ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಎಲೆಕೋಸು ಹೆಚ್ಚುತ್ತಿದ್ದರು. ಚಾಕು ಕೆಳಗಿಟ್ಟು, "ಅಷ್ಟೇ ತಾನೆ? ನನ್ನದು ಎರಡೂ ಹೊಸ ಕಣ್ಣು, ಒಂದು ತೆಗೆದು ಅದಕ್ಕೆ ಹಾಕ್ಲಿ. ಬೇಕಾದ್ರೆ ಎರಡೂ. ನಂಗೇನು ಇನ್ನು ನೋಡೋಕೆ ಉಳಿದಿರೋದು, ನಿಮ್ಮಿಬ್ಬರ ಮುಖ ತಾನೆ" ಎಂದರು.

"ಹಾಗೆ ಹಾಕೋಕೆ ಬರಲ್ಲ ಅತ್ತೆ. ಸತ್ತವರ ಕಣ್ಣಿಂದ ಮುಂದಿನ ಗಾಜಿನಂಥ ಪದರ ಮಾತ್ರ ತೆಗೆದು ಹಾಕ್ತಾರಂತೆ. ಒಳಗಿನ ಪರದೆ ಹಾಕೋಕೆ ಯಾರಿಗೂ ಬರಲ್ಲ."

"ಚಂದ್ರನ ಮೇಲೆ ಓಡಾಡಿ ಬಂದೋರಿಗೆ ಇಷ್ಟು ಬರಲ್ವಾ?" ಎಂದರು. ಮತ್ತೆ ಚಾಕು ಎತ್ತಿಕೊಂಡು, "ಎಷ್ಟು ಸಲ ಅಂದೆನೇ ಅದಕ್ಕೆ, ಕಣ್ಣೇನು ನೆತ್ತಿ ಮೇಲಿದೆಯಾ ಅಂತ. ದಿನಾ ಅಂದೆ" ಎಂದು ಹೆಚ್ಚಿದ ಎಲೆಕೋಸನ್ನೇ ಮತ್ತೆ ಸಣ್ಣಗೆ ಹೆಚ್ಚತೊಡಗಿದರು.

ನಾನೂ ಅಂದಿದ್ದೆ. ನಾನು ಅಂದದ್ದಷ್ಟೇ ಅಲ್ಲ. ಹಿಂದಿನ ವರ್ಷ ಬಿಸಿ ಸಾರಿನ ಪಾತ್ರೆಗೆ ಅವಳ ಕೈ ತಗುಲಿ ಎಲ್ಲ ಚೆಲ್ಲಿದಾಗ, ಸುಟ್ಟ ಕೈಗೆ ನೀರು ಬಿಡುವ ಮೊದಲು ಬೆನ್ನಿಗೆ ಒಂದು ಹೊಡೆದಿದ್ದೆ. ಅವತ್ತೂ ಅವಳು ಹೋಗಿ ತಾನೇ ಕೆಂಪು ಗೆರೆಯ ಮೇಲೆ ನಿಂತಿದ್ದಳು, ಯಾರೂ ಹೇಳದೆ.

ಸಂಜೆ ಅಂಗಡಿಗೆ ಇಳಿದಾಗ ನಮ್ಮವರು ಹಲಗೆಯ ದೀಪ ಹಚ್ಚಿ ಎದುರಿಗೆ ಸುಮ್ಮನೆ ನಿಂತಿದ್ದರು. "ಇದು ಒಂದೇ ಒಂದು ಪ್ರಶ್ನೆ ಕೇಳುತ್ತೆ ಕಣೇ. ನಾನೂ ಅದೊಂದನ್ನೇ ಕೇಳ್ತಾ ಬಂದೆ," ಎಂದರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಒಬ್ಬ ಗಿರಾಕಿ ಮೂಗಿನ ಮೇಲೆ ಕನ್ನಡಕ ಜಾರುತ್ತದೆ ಎಂದು ಬಂದ. ಅವರು ಕಣ್ಣೊರೆಸಿಕೊಂಡು, ಫ್ರೇಮನ್ನು ಬಿಸಿ ಮಾಡಿ ಬಗ್ಗಿಸಿ ಕೊಟ್ಟರು.

ಆಮೇಲೆ ಮನೆ ಬದಲಾಯಿತು. ಮೆಟ್ಟಿಲುಗಳ ಅಂಚಿಗೆ ನಮ್ಮವರು ಹಳದಿ ಬಣ್ಣದ ಪಟ್ಟಿ ಬಳಿದರು. ಸ್ಟೂಲು ಮೇಲಕ್ಕೆ ಹೋಯಿತು. ಕುರ್ಚಿಗಳು ಗೋಡೆಗಂಟಿದವು, ಬಾಗಿಲುಗಳು ಅರ್ಧ ತೆರೆದು ನಿಲ್ಲುವುದು ನಿಂತಿತು. ಮಬ್ಬಾಗಿದ್ದ ಬಲ್ಬುಗಳೆಲ್ಲ ಹೋಗಿ, ಮೂಲೆಮೂಲೆಯಲ್ಲೂ ಕಣ್ಣು ಕುಕ್ಕುವ ದೀಪ ಬಂತು. ಮಗಳಿಗೆ ನಾನು ಹೇಳಿದ್ದು ಇಷ್ಟೇ: "ನಿಂಗೆ ಪಕ್ಕದಲ್ಲಿರೋದು ಕಾಣಲ್ಲ ಅಂತ ಡಾಕ್ಟರಮ್ಮ ಹೇಳಿದ್ರು. ಬಿದ್ದಿದ್ದು ನಿನ್ನ ತಪ್ಪಲ್ಲ. ತಪ್ಪು ನಮ್ಮದು." ಅವಳು ಹೂಂ ಎಂದಳು. ಮುಂದೇನು ಎಂದು ಕೇಳಲಿಲ್ಲ. ನಾನು ಕಾದೆ. ಬಟ್ಟೆ ಒಗೆಯುವಾಗ, ಜಡೆ ಹಾಕುವಾಗ, ಶಾಲೆಗೆ ಬಿಡಲು ಹೋಗುವಾಗ ಕಾದೆ. ಕೇಳಿದರೆ ಹೀಗೆ ಹೇಳಬೇಕು, ಹೀಗೆ ಶುರು ಮಾಡಬೇಕು ಎಂದು ಪಾತ್ರೆ ಉಜ್ಜುತ್ತ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳು ಬಂದು ನಿಂತರೆ ಎಲ್ಲ ಮರೆತುಹೋಗುತ್ತಿತ್ತು. ಕೇಳದಿರಲಿ ಎಂದು ಬೇಡಿಕೊಂಡ ದಿನಗಳೂ ಉಂಟು.

ನಮಗೆ ಗೊತ್ತಿಲ್ಲದೆ ಇನ್ನೂ ಒಂದು ಬದಲಾಗಿತ್ತು. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಅವಳು, "ಅಪ್ಪ, ನಾನು ಈಗ ಬಿರುಗಾಳಿ ಅಲ್ವಾ?" ಎಂದಳು.

ನಮ್ಮವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಈಗ ದೊಡ್ಡವಳಾದೆಯಲ್ಲ ಪುಟ್ಟ."

"ಹೋದ ತಿಂಗಳು ಚಿಕ್ಕವಳಿದ್ನಾ?"

ಅತ್ತೆ ಇನ್ನೊಂದು ದೋಸೆ ಹಾಕಲೇ ಎಂದು ಕೇಳಿದರು.

ಅದಾದ ಎರಡು ದಿನಕ್ಕೆ, ಮಧ್ಯಾಹ್ನ, ಮೇಲಿನ ಕೋಣೆಯಲ್ಲಿ ಅವಳನ್ನು ಬೆನ್ನ ಹಿಂದೆಯೇ ನಿಂತು ನೋಡಿದೆ. ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಬಲಗೈಯನ್ನು ಪಕ್ಕಕ್ಕೆ ಪೂರ್ತಿ ಚಾಚಿ, ಬೆರಳು ಆಡಿಸುತ್ತ, ನಿಧಾನವಾಗಿ ಮುಂದೆ ತರುತ್ತಿದ್ದಳು. ಕಂಡ ಕೂಡಲೇ ಕೈ ನಿಲ್ಲಿಸಿ, ಕಿಟಕಿಯ ಸರಳುಗಳಲ್ಲಿ ಎಷ್ಟನೆಯದರ ನೇರಕ್ಕೆ ಬಂತು ಎಂದು ಎಣಿಸಿ, ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಳು. ಅಲ್ಲಿ ಆಗಲೇ ಏಳೆಂಟು ಸಾಲು ಬರೆದಾಗಿತ್ತು, ಎದುರಿಗೆ ತಾರೀಖು. ನಾನು ಸದ್ದು ಮಾಡದೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ನೀರು ಸುಮ್ಮನೆ ಹರಿಯಿತು.

ನಿನ್ನೆ ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ನಮ್ಮವರು ಕೆಳಗಿದ್ದರು, ಅತ್ತೆ ಮಲಗಿದ್ದರು. ಮಗಳು ಬಂದು ಒರೆಸುವ ಬಟ್ಟೆ ತೆಗೆದುಕೊಂಡು, ತೊಳೆದಿಟ್ಟದ್ದನ್ನು ಒರೆಸುತ್ತ ನಿಂತಳು. ತಟ್ಟೆಗಳನ್ನು ಒರೆಸಿದಳು. ಚಮಚಗಳನ್ನು ಒರೆಸಿದಳು. ನನ್ನ ಪಿಂಗಾಣಿ ಕಪ್ಪನ್ನು ಕೈಗೆತ್ತಿಕೊಂಡು, "ಅಮ್ಮ" ಎಂದಳು.

ತಿರುಗಿದೆ. ನನ್ನ ಮುಖವನ್ನೇ ನೋಡುತ್ತ ಅವಳು ಕಪ್ಪನ್ನು ಕೈಬಿಟ್ಟಳು.

ಚೂರುಗಳು ಒಲೆಯ ಕೆಳಗಿನವರೆಗೂ ಹಾರಿದವು.

"ಬೈ," ಎಂದಳು.

"ಕಾಲು ಎತ್ಬೇಡ, ಚುಚ್ಚುತ್ತೆ. ಅಲ್ಲೇ ನಿಂತಿರು."

"ಬೈಯಮ್ಮ. ಬೇಕಂತಲೇ ಬೀಳಿಸಿದ್ದು ನಾನು."

"ಕಪ್ಪು ತಾನೆ, ಹೋಗ್ಲಿ ಬಿಡು."

"ಮುಂಚೆ ಗೊತ್ತಾಗ್ದೇ ಬೀಳಿಸಿದ್ರೂ ಬೈತಿದ್ದೆ. ಈಗ ಬೇಕಂತ ಬೀಳಿಸಿದ್ರೂ ಬೈಯಲ್ಲ. ಅಜ್ಜಿನೂ ಬೈಯಲ್ಲ. ಅಪ್ಪ ನಂಗೆ ಎರಡೆರಡು ಚಾಕಲೇಟ್ ತರ್ತಾರೆ." ಅವಳ ಗದ್ದ ಅದುರಲು ಶುರುವಾಯಿತು, ಆದರೆ ದನಿ ಗಟ್ಟಿಯಾಗಿಯೇ ಇತ್ತು. "ನಮ್ಮ ಕ್ಲಾಸಲ್ಲಿ ಒಬ್ಬಳ ತಾತನಿಗೆ ಹೀಗೇ ಮಾಡ್ತಿದ್ರಂತೆ. ಏನು ಮಾಡಿದ್ರೂ ಯಾರೂ ಬೈತಿರ್ಲಿಲ್ವಂತೆ. ಆಮೇಲೆ ಅವರು ಸತ್ತೋದ್ರು."

"ಇಲ್ಲ ಕಣೋ ಬಂಗಾರ, ಅದೆಲ್ಲ ಇಲ್ಲ. ನಿನ್ನ ಜೀವಕ್ಕೆ ಏನೂ ಆಗಲ್ಲ."

"ಅದು ಗೊತ್ತು," ಎಂದಳು. "ಕಣ್ಣಿಂದು ತಾನೆ."

ಬೈಯಲು ಪ್ರಯತ್ನಪಟ್ಟೆ. ನಿಜವಾಗಿಯೂ. "ಎಷ್ಟು ಕೊಬ್ಬು ನಿಂಗೆ" ಎಂಬಲ್ಲಿಗೆ ನಿಲ್ಲಿಸಿ ನಲ್ಲಿ ಮುಚ್ಚಿದೆ. ಚೂರುಗಳ ಮೇಲೆ ಹುಷಾರಾಗಿ ಕಾಲಿಡುತ್ತ ಹೋಗಿ, ಅವಳನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದೆ. ಒಂಬತ್ತು ವರ್ಷದವಳು, ಭಾರವಾಗಿದ್ದಳು. ಈಗ ಅವಳ ಮುಖ ನನ್ನ ಮುಖದ ನೇರಕ್ಕಿತ್ತು. ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಕೆನ್ನೆ ಹಿಡಿದುಕೊಂಡೆ. ಕೆಳಗೆ ನಮ್ಮವರ ಯಂತ್ರ ಯಾರದೋ ಗಾಜಿನ ಅಂಚನ್ನು ಉಜ್ಜುತ್ತಿತ್ತು. ಅದು ನಿಲ್ಲುವವರೆಗೂ ಅವಳು ನನ್ನನ್ನು ನೋಡುತ್ತಲೇ ಇದ್ದಳು, ಹಣೆಯಿಂದ ಗದ್ದದವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ತಲೆ ತಿರುಗಿಸುತ್ತ, ಒಂದಿಷ್ಟೂ ಬಿಡದೆ.

ಆಮೇಲೆ ಕೇಳಿದಳು:

"ಅಮ್ಮ, ನಂಗೆ ಇನ್ನೂ ಎಷ್ಟು ದಿನ ಕಾಣುತ್ತೆ?"